ಐಹೊಳೆಗೆ ಒಂದು ತಾಸು ಸಾಲದು

ಹನಿ ನೀರಾವರಿ ಯೋಜನೆಯಿಂದ ಹೆಸರಾದ ಮರೋಳದಂಥ ಹುನಗುಂದ ಸೀಮೆಯ ಹಳ್ಳಿಗಳವರಿಗೆ ಐಹೊಳೆ ದೂರದ ಊರೇನಲ್ಲ. ಹುನಗುಂದ, ಅಮೀನಗಡದ ಮೇಲೆ ಹಾದು ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಬರುವಾಗ ಅಮೀನಗಡದ ಕರದಂಟನ್ನೂ ಕಟ್ಟಿಸಿಕೊಳ್ಳಬಹುದು. ಆದರೆ ಹತ್ತಿರದ ತೀರ್ಥಕ್ಕೆ ಬೆಲೆ ಕಡಿಮೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ ಓಡಾಡಿ ಬಂದವರು ಮತ್ತೆ ಅತ್ತ ತಲೆ ಹಾಕುವುದಿಲ್ಲ. ದೂರದಿಂದ ಬರುವವರದು ಇನ್ನೊಂದು ಬಗೆ. ಬಾದಾಮಿಗೂ ಪಟ್ಟದಕಲ್ಲಿಗೂ ಹೆಚ್ಚಿನ ವೇಳೆ ಕೊಟ್ಟು, ಉಳಿದ ಒಂದು ತಾಸನ್ನು ಐಹೊಳೆಗೆ ಮೀಸಲಿಡುತ್ತಾರೆ. ದುರ್ಗ ಗುಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಅವರ ಐಹೊಳೆ ಮುಗಿಯಿತು.

ದಿನವಿಡೀ ಕೈಯಲ್ಲಿದ್ದರೆ ಮೊದಲು ಮೇಗುತಿ ಗುಡ್ಡ ಹತ್ತುವುದು ಜಾಣತನ. ಬಿಸಿಲು ಏರಿದ ಮೇಲೆ ಆ ಕಲ್ಲು ಕಾದ ಹಂಚಾಗುತ್ತದೆ. ಮೇಲಿನ ಗುಡಿ, ಅಂದರೆ ಮೇಗುಡಿ, ಜನರ ಬಾಯಲ್ಲಿ ಮೇಗುತಿಯಾಗಿದೆ. ಇದು ಜೈನ ಬಸದಿ. ಇದರ ಪೂರ್ವದ ಗೋಡೆಯ ಮೇಲೆ ರವಿಕೀರ್ತಿಯ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು, ಹರ್ಷವರ್ಧನ ಅವನಿಗೆ ಸೋತುದನ್ನು ಇದು ಹೇಳುತ್ತದೆ. ಭಾರತ ಯುದ್ಧ ನಡೆದು 3735 ವರ್ಷಗಳೂ ಶಕ 556 ವರ್ಷಗಳೂ ಸಂದವೆಂದು ರವಿಕೀರ್ತಿ ಲೆಕ್ಕ ಇಟ್ಟಿದ್ದಾನೆ. ಅದು ಕ್ರಿ.ಶ. 634-35. ಕಾವ್ಯದಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿಯನ್ನು ಪಡೆದವನೆಂದು ಹೇಳಿಕೊಳ್ಳಲೂ ಅವನು ಹಿಂಜರಿದಿಲ್ಲ. ಆ ಜಂಬದಿಂದ ವಿದ್ವಾಂಸರಿಗೆ ದೊಡ್ಡ ಉಪಕಾರವಾಯಿತು. ಕಾಳಿದಾಸ ಎಂದು ಬದುಕಿದ್ದನೆಂಬ ವಾದ ಎಷ್ಟೇ ಎಳೆದಾಡಿದರೂ ಈ ಗೋಡೆಯನ್ನು ದಾಟಿ ಈಚೆಗೆ ಬರುವಂತಿಲ್ಲ.

ಗುಡ್ಡವಿಳಿಯುವ ದಾರಿಯಲ್ಲಿ ಅರ್ಧ ಬಂಡೆ ಕೊರೆದು ಅರ್ಧ ಕಟ್ಟಿದ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಊರಿನ ಈಶಾನ್ಯದ ರಾವಳ ಫಡಿಯ ಗುಹೆಯಲ್ಲಿ ಹತ್ತು ತೋಳಿನ ಶಿವ ಸಪ್ತಮಾತೃಕೆಯರ ನಡುವೆ ಕುಣಿಯುತ್ತಾನೆ. ಐಹೊಳೆಯಲ್ಲಿ ಒಂದೇ ಶಿಲ್ಪ ನೋಡಲು ಸಮಯವಿದೆ ಎನ್ನುವವರು ಇದನ್ನೇ ನೋಡಬೇಕು.

ಮಧ್ಯಾಹ್ನ ಊರೊಳಗೆ. ಇಲ್ಲಿ ಹೆಸರುಗಳೇ ಗೊಂದಲ ಹುಟ್ಟಿಸುತ್ತವೆ. ದುರ್ಗ ಗುಡಿ ದುರ್ಗಾದೇವಿಯದಲ್ಲ. ಆನೆಯ ಬೆನ್ನಿನಂತೆ ಹಿಂಬದಿ ದುಂಡಾಗಿರುವ ಈ ಗುಡಿಯ ಮೇಲೆ ಹಿಂದೊಮ್ಮೆ ಕೋಟೆಯ ಭಾಗವೊಂದಿತ್ತು. ದುರ್ಗವೆಂದರೆ ಆ ಕೋಟೆ. ಇದು ಸೂರ್ಯನಿಗೆ ಕಟ್ಟಿದ ಗುಡಿ ಎಂಬುದು ಅನೇಕ ವಿದ್ವಾಂಸರ ಮತ. ಲಾಡಖಾನ ಗುಡಿಗೆ ಆ ಹೆಸರು ಬಂದುದು ಅದನ್ನು ಮನೆ ಮಾಡಿಕೊಂಡಿದ್ದವನಿಂದ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಹುಚ್ಚಿಮಲ್ಲಿ ಗುಡಿ ಎಂದು ಪಟ್ಟಿ ಬೆಳೆಯುತ್ತದೆ. ಇದರಲ್ಲಿ ಕಟ್ಟಿಸಿದ ಅರಸರ ಹೆಸರಿಲ್ಲ. ಪೂಜೆ ನಿಂತ ಮೇಲೆ ಅಲ್ಲಿ ಒಲೆ ಹೂಡಿದವರ, ಪಕ್ಕದಲ್ಲಿ ಬಾಳಿದವರ ಹೆಸರುಗಳಿವೆ.

ಲಾಡಖಾನ ಗುಡಿಯ ಚಾವಣಿಯನ್ನು ತಲೆ ಎತ್ತಿ ನೋಡಬೇಕು. ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳು, ಸಂದುಗಳ ಮೇಲೆ ಮರದ ದಿಮ್ಮಿಯಂತೆ ಕೂರಿಸಿದ ಉದ್ದನೆಯ ಕಲ್ಲುಪಟ್ಟಿಗಳು. ಮರದ ಕಟ್ಟಡವನ್ನು ಕಲ್ಲಿಗೆ ಇಳಿಸಿದ ಈ ರೀತಿಯನ್ನು ಕಂಡು ಹಿಂದಿನ ವಿದ್ವಾಂಸರು ಇದನ್ನು ಐದನೆಯ ಶತಮಾನದ್ದೆಂದರು. ಈಚಿನವರು ಏಳು-ಎಂಟನೆಯ ಶತಮಾನಕ್ಕೆ ತರುತ್ತಾರೆ. ದೇಗುಲ ವಾಸ್ತುವಿನ ತೊಟ್ಟಿಲು ಎಂಬ ಪಠ್ಯಪುಸ್ತಕದ ಮಾತನ್ನು ಹಾಗಾಗಿ ತುಸು ಸಡಿಲವಾಗಿಯೇ ಹಿಡಿಯಬೇಕು. ದುರ್ಗ ಗುಡಿಯ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಈ ಊರು ಬರೀ ಶಿಲ್ಪಿಗಳದಾಗಿರಲಿಲ್ಲ. ಅಯ್ಯಾವೊಳೆಯ ಐನೂರ್ವರು ಎಂಬ ವ್ಯಾಪಾರಿ ಸಂಘ ಇಲ್ಲಿನ ಹೆಸರನ್ನು ಹೊತ್ತು ದಕ್ಷಿಣ ಭಾರತದ ತುಂಬ ವಹಿವಾಟು ನಡೆಸಿತು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಸಿಕ್ಕಿರುವ 1088ರ ತಮಿಳು ಶಾಸನದಲ್ಲೂ ಐನೂರ್ವರಿದ್ದಾರೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಸಮುದ್ರ ದಾಟಿತ್ತು.

ಈಗ ಊರವರ ಚಿಂತೆ ಮನೆಯದು. ಇಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಕೆಲವು ಗುಡಿಗಳ ಗೋಡೆಗೇ ಮನೆಗಳು ಅಂಟಿಕೊಂಡಿವೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. 2010ರ ತಿದ್ದುಪಡಿಯಿಂದ ಕಾನೂನು ಇನ್ನಷ್ಟು ಬಿಗಿಯಾಯಿತು. ಗುಡಿಗಳು ಇಷ್ಟು ಒತ್ತಾಗಿರುವ ಊರಿನಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬಿದ್ದು ಊರನ್ನೇ ಮುಚ್ಚುತ್ತವೆ. ಮಗನ ಮದುವೆಯಾದರೆ ಒಂದು ಕೋಣೆ ಏರಿಸುವುದೂ ಕಷ್ಟ. ಮಾಳಿಗೆ ಸೋರಿದರೆ ರಿಪೇರಿಗೂ ಅರ್ಜಿ.

ಇದಕ್ಕೆ ಪರಿಹಾರವೆಂದು ಊರನ್ನೇ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ಹೋಗುವುದಾದರೆ ಒಳ್ಳೆಯ ಜಾಗ, ನ್ಯಾಯವಾದ ಪರಿಹಾರ, ಹೊಲಕ್ಕೆ ಹತ್ತಿರದ ದಾರಿ ಬೇಕೆನ್ನುವುದು ಯಾವ ಊರಿನವರಿಗೂ ಸಹಜ. ಅದನ್ನು ಕೊಡದೆ ಕಾನೂನನ್ನಷ್ಟೇ ತೋರಿಸುತ್ತ ಹೋಗುವುದು ಸರಿಯಲ್ಲ. ಮನೆಗಳು ತೆರವಾದರೆ ಗುಡಿಗಳು ಚೆನ್ನಾಗಿ ಕಾಣುತ್ತವೆ, ಹುಲ್ಲುಹಾಸೂ ಬರುತ್ತದೆ, ನಿಜ. ಆದರೆ ಅಂಬಿಗೇರ ಗುಡಿಗೆ ಯಾಕೆ ಆ ಹೆಸರು ಎಂದು ಕೇಳಿದ ಪ್ರವಾಸಿಗೆ ಉತ್ತರ ಕೊಡಲು ಆಗ ಹತ್ತಿರದಲ್ಲಿ ಊರಿನವರು ಯಾರೂ ಇರುವುದಿಲ್ಲ.