ಗೋವಾದಲ್ಲಿ ನಮ್ಮವರ ಮನೆ ಎಲ್ಲಿರಬೇಕು?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಿಂದ ಗೋವಾಕ್ಕೆ ದುಡಿಯಲು ಹೋಗುವವರಲ್ಲಿ ಎರಡು ನಮೂನೆಯವರಿದ್ದಾರೆ. ಹಿಂಗಾರಿ ಬಿತ್ತನೆ ಮುಗಿಸಿ, ದೀಪಾವಳಿಯ ಹಿಂದುಮುಂದು ಬಸ್ಸು ಹತ್ತಿ, ಮುಂಗಾರಿಗೆ ಮೊದಲು ಊರು ಸೇರುವವರು ಒಂದು ನಮೂನೆ. ಹೋಗಿ ಇಪ್ಪತ್ತು ಮೂವತ್ತು ವರ್ಷವಾಗಿ, ಮಕ್ಕಳು ಅಲ್ಲೇ ಹುಟ್ಟಿ ಬೆಳೆದು, ಜಾತ್ರೆಗೋ ಮದುವೆಗೋ ಅಷ್ಟೇ ಇತ್ತ ಮುಖ ಮಾಡುವವರು ಇನ್ನೊಂದು. ಬದುಕು ಇಷ್ಟು ಬೇರೆಯಾದರೂ ಇಬ್ಬರೂ ಬಿಡಾರ ಹೂಡುವುದು ಹೆಚ್ಚುಕಡಿಮೆ ಒಂದೇ ತರಹದ ಜಾಗದಲ್ಲಿ. ಒಂದೋ ಪ್ರವಾಸಿಗರು ಕಿಕ್ಕಿರಿಯುವ ಕಲಂಗುಟ್, ಬಾಗಾ, ಅಂಜುನಾ ದಂಡೆಯ ಹಿಂದಿನ ಖೋಲಿಗಳು, ಇಲ್ಲವೇ ನಮ್ಮವರೇ ನೆರೆದಿರುವ ವಾಸ್ಕೋದ ಬೈನಾ, ಜುವಾರಿನಗರ, ಮಡಗಾಂವದ ಮೋತಿ ಡೊಂಗರದಂಥ ವಸ್ತಿಗಳು. ಕೊಂಕಣಿಗರ ವಾಡೆಯಲ್ಲಿ ಮನೆ ಹಿಡಿದು, ಅವರ ಮಾತು ಕಲಿತು, ಅವರ ಗ್ರಾಮಸಭೆಗೆ ಹೋಗಿ ಕೂಡುವವರು ಕಮ್ಮಿ. ಮೊದಲನೆಯ ನಮೂನೆಯವರಿಗೆ ದಂಡೆಯ ಖೋಲಿ ಸರಿಯಾದ ಲೆಕ್ಕವೇ. ಎರಡನೆಯವರು ಅದೇ ಲೆಕ್ಕ ಹಿಡಿದು ಬದುಕುತ್ತಿರುವುದರಿಂದ ಆಗುವ ನಷ್ಟ ದೊಡ್ಡದು, ಅದು ಕಣ್ಣಿಗೆ ಬೀಳುವುದು ತಡವಾಗಿ.

ಇದು ಸಣ್ಣ ಗುಂಪಿನ ಮಾತಲ್ಲ. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ ಸುಮಾರು 14.6 ಲಕ್ಷ. ಅದರಲ್ಲಿ ಕೊಂಕಣಿ ತಾಯ್ನುಡಿಯವರು ನೂರಕ್ಕೆ 66, ಕನ್ನಡದವರು ನೂರಕ್ಕೆ ಐದರ ಸಮೀಪ. ಮರಾಠಿ, ಹಿಂದಿ ಬಿಟ್ಟರೆ ಮುಂದಿನ ಸ್ಥಾನ ಕನ್ನಡದ್ದೇ. ಇವರ ಹೆಚ್ಚಿನ ವಸ್ತಿ ಮುರ್ಮುಗಾಂವ ತಾಲ್ಲೂಕಿನಲ್ಲಿ ಬೆಳೆಯಲು ಕಾರಣ ಬಂದರು, ರೈಲು ಮತ್ತು ಕಾರ್ಖಾನೆ. ಪೋರ್ಚುಗೀಸರ ಕಾಲದಲ್ಲೇ ಮುರ್ಮುಗಾಂವ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್ ರಾಕ್ ಕಡೆ ಬರುವ ರೈಲುದಾರಿ ಬಿತ್ತು. 1961ರ ಡಿಸೆಂಬರ್ 19ರಂದು ಗೋವಾ ಭಾರತ ಸೇರಿದ ಮೇಲೆ ಅದಿರು, ರಸ್ತೆ, ಕಟ್ಟಡ ಅಂತ ಕೆಲಸ ಒಂದಕ್ಕೆ ಹತ್ತಾಯಿತು. ಎಪ್ಪತ್ತರ ದಶಕದಲ್ಲಿ ಶುರುವಾದ ಜುವಾರಿ ಗೊಬ್ಬರದ ಕಾರ್ಖಾನೆಯ ಬದಿಗೆ ಬೆಳೆದದ್ದೇ ಜುವಾರಿನಗರ. ಜನರ ಬಾಯಲ್ಲಿ ಅದು ಇವತ್ತಿಗೂ 'ಬಿರ್ಲಾ'. ಮಳೆ ನಂಬಿದ ಹೊಲ, ಮೂರು ವರ್ಷಕ್ಕೊಮ್ಮೆ ಬರ, ಒಂದು ರಾತ್ರಿಯ ದಾರಿಯಲ್ಲಿ ರೊಕ್ಕ ಕೊಡುವ ಕೆಲಸ. ಹೋಗದೇ ಇದ್ದಿದ್ದರೆ ಅದೇ ಆಶ್ಚರ್ಯ.

ಬಂದವರು ನಮ್ಮವರ ನಡುವೆಯೇ ಇಳಿಯುವುದಕ್ಕೆ ಗಟ್ಟಿ ಕಾರಣಗಳಿವೆ. ಅವನ್ನು ಹಗುರಾಗಿ ನೋಡಬಾರದು. ಹೊಸಬನಿಗೆ ಮೊದಲ ವಾರದ ಕೂಲಿ ಹುಡುಕಿಕೊಡುವವನು ಊರಿನ ಗೌಂಡಿಯೇ. ಖೋಲಿ ತೋರಿಸುವವಳು, ಸಾಲಕ್ಕೆ ಜ್ವಾಳದ ಹಿಟ್ಟು ಕೊಡುವ ಅಂಗಡಿಯವಳು, ಕೂಸಿಗೆ ಜ್ವರ ಬಂದಾಗ ರಾತ್ರಿ ರಿಕ್ಷಾ ತರುವವನು, ಎಲ್ಲ ನಮ್ಮ ಕಡೆಯವರೇ. ಯಾರಾದರೂ ತೀರಿಕೊಂಡರೆ ಓಣಿಯೆಲ್ಲ ಪಟ್ಟಿ ಹಾಕಿ ಹೆಣವನ್ನು ಊರಿಗೆ ಮುಟ್ಟಿಸುತ್ತದೆ. ಈ ಆಸರೆ ಸರಕಾರ ಕೊಡುವುದಿಲ್ಲ, ಕೊಂಕಣಿ ನೆರೆಯವರೂ ಮೊದಲ ದಿನವೇ ಕೊಡಲಾರರು. ಜೊತೆಗೆ ಬಾಡಿಗೆಯ ಪ್ರಶ್ನೆ ಇದೆ. ಗೋವಾದ ಹಳ್ಳಿಗಳಲ್ಲಿ ಒಳ್ಳೆಯ ಮನೆ ಪ್ರವಾಸಿಗೆ ಹೋಗುತ್ತದೆ, ಇಲ್ಲವೇ ಮುಂಬೈ ದಿಲ್ಲಿಯಿಂದ ಬಂದ ಸಿರಿವಂತನಿಗೆ. ಘಟ್ಟದ ಮೇಲಿನಿಂದ ಬಂದ ಕೂಲಿಯವನಿಗೆ ಮನೆ ಕೊಡಲು ಹಿಂದೆಮುಂದೆ ನೋಡುವ ಮಾಲಕರು ಬೇಕಾದಷ್ಟಿದ್ದಾರೆ. ಹೀಗಾಗಿ 'ಆಯ್ಕೆ' ಎಂದು ನಾವು ಕರೆಯುವುದರಲ್ಲಿ ಅರ್ಧ ಆಯ್ಕೆ, ಅರ್ಧ ನಿರುಪಾಯ.

ದಂಡೆಯ ಬದುಕಿಗೆ ತನ್ನದೇ ಒಂದು ಗುಣವಿದೆ. ಅಲ್ಲಿ ಸ್ಥಳೀಯ ಮಾತೇ ಬೇಕಾಗುವುದಿಲ್ಲ. ಅಂಜುನಾದ ಬುಧವಾರದ ಸಂತೆಯಲ್ಲಿ ಕನ್ನಡಿ ಹೊಲಿದ ಚೀಲ, ಮಣಿಸರ ಹರವಿಕೊಂಡು ಕೂಡುವ ಲಂಬಾಣಿ ಹೆಣ್ಣುಮಕ್ಕಳನ್ನು ಗಮನಿಸಿ. ಮನೆಯಲ್ಲಿ ಲಂಬಾಣಿ, ನಮ್ಮವರ ಜೊತೆ ಕನ್ನಡ, ಗಿರಾಕಿಯ ಜೊತೆ ಹಿಂದಿ, ಇಂಗ್ಲಿಷ್, ಜೊತೆಗೆ ಕಿವಿಯಿಂದಲೇ ಹೆಕ್ಕಿದ ನಾಲ್ಕಾರು ರಷ್ಯನ್ ಮಾತು. ಇಷ್ಟು ಭಾಷೆಯ ಮೇಲೆ ಕೈ ಇರುವ ಹೆಂಗಸಿಗೆ ಕೊಂಕಣಿ ಕಲಿಯುವುದು ಕಷ್ಟವಲ್ಲ. ಅದು ಬೇಕು ಅನ್ನಿಸುವ ಪ್ರಸಂಗವೇ ಬರುವುದಿಲ್ಲ, ಅಷ್ಟೇ. ಗಿರಾಕಿ ಹೊರಗಿನವನು, ಅಂಗಡಿಯವನು ಹೊರಗಿನವನು, ದಂಡೆಯ ಷ್ಯಾಕ್ ಹೋಟೆಲಿನಲ್ಲಿ ಬಡಿಸುವವನೂ ಹೊರಗಿನವನು. ಜೂನ್ ಹೊತ್ತಿಗೆ ಮಳೆ ಬಂದು ಷ್ಯಾಕುಗಳನ್ನು ಕಿತ್ತ ಮೇಲೆ ಆ ಊರಿನಲ್ಲಿ ಉಳಿಯುವವರು ಕೊಂಕಣಿಗರು ಮತ್ತು ಎಲ್ಲಿಗೂ ಹೋಗಲಾಗದ ನಮ್ಮವರು. ಮುಂಗಾರಿ ಬಿತ್ತಲು ಹೊಲ ಇದ್ದವನಿಗೆ ಈ ಲಯ ಹೇಳಿ ಮಾಡಿಸಿದಂತಿದೆ. ಹೊಲ ಇಲ್ಲದವನಿಗೆ ಅದು ವರ್ಷಕ್ಕೆ ನಾಲ್ಕು ತಿಂಗಳ ಕೊರತೆ.

ಊರಿನವರ ಜೊತೆ ಬೆರೆಯದೆ ಬದುಕುವ ಇದೇ ಪ್ರಶ್ನೆ ಸ್ಪೇನಿನ ಕರಾವಳಿಯಲ್ಲೂ ದಶಕಗಳಿಂದ ಚರ್ಚೆಯಲ್ಲಿದೆ. ಬೆನಿಡಾರ್ಮ್, ತೊರೆವಿಯೆಹಾದಂಥ ಊರುಗಳಲ್ಲಿ, ಮಾಲಗಾ ಪ್ರಾಂತದ ದಂಡೆಯಲ್ಲಿ ಬ್ರಿಟನ್ನಿನ ನಿವೃತ್ತರು ಸಾವಿರಗಟ್ಟಲೆ ನೆಲೆಸಿದ್ದಾರೆ. ಇಂಗ್ಲಿಷ್ ಪತ್ರಿಕೆ, ಇಂಗ್ಲಿಷ್ ಪಬ್, ಇಂಗ್ಲಿಷ್ ಮಾತಾಡುವ ಡಾಕ್ಟರು. ಸ್ಪ್ಯಾನಿಷ್ ಬಾರದೆಯೇ ಇಪ್ಪತ್ತು ವರ್ಷ ಕಳೆದವರಿದ್ದಾರೆ. ಪಿಂಚಣಿ ತಿಂಗಳಿಗೆ ಸರಿಯಾಗಿ ಬರುವ ತನಕ ಅದರಿಂದ ಅವರಿಗೆ ಬಾಧೆಯಿರಲಿಲ್ಲ. 2016ರ ಜನಮತದ ನಂತರ ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಿತ್ತಲ್ಲ, ಆಗ ಬಿಸಿ ತಟ್ಟಿತು. ಊರಿನ ಪುರಸಭೆಯಲ್ಲಿ ಹೆಸರು ಹಚ್ಚದೆ, ವಾಸದ ಕಾಗದ ಮಾಡಿಸದೆ ಇದ್ದವರು 2020ರ ಕೊನೆಯೊಳಗೆ ಎಲ್ಲ ಸರಿಮಾಡಿಕೊಳ್ಳಲು ಓಡಾಡಬೇಕಾಯಿತು. ಊರಿನವರ ಜೊತೆ ಬೆರೆತು, ಕಚೇರಿಯ ದಾರಿ ಮೊದಲೇ ಬಲ್ಲವರಿಗೆ ಅದು ತಲೆನೋವಾಗಲಿಲ್ಲ. ರೊಕ್ಕ ಇದ್ದವರಿಗೇ ಇಷ್ಟು ಬಿಸಿ ತಟ್ಟಿದ್ದರೆ, ಕೂಲಿಯವನ ಪಾಡು ಬೇರೆ ಹೇಳಬೇಕೇ?

ಗೋವಾದಲ್ಲಿ ಕಾಗದಕ್ಕಿಂತ ದೊಡ್ಡ ಪ್ರಶ್ನೆ ನೆಲದ್ದು. ಅಲ್ಲಿನ ಹಳ್ಳಿಗಳಲ್ಲಿ ಕೊಮುನಿದಾದ್ ಎಂಬ ವ್ಯವಸ್ಥೆ ಇದೆ. ಪೋರ್ಚುಗೀಸರಿಗಿಂತ ಹಳೆಯದಾದ, ಹಳ್ಳಿಯ ಮೂಲ ಮನೆತನಗಳು ಒಟ್ಟಾಗಿ ಒಡೆತನ ಇಟ್ಟುಕೊಂಡ ಭೂಮಿ ಅದು. ವಲಸೆಯವರ ಎಷ್ಟೋ ಗುಡಿಸಲು, ಮನೆ ಎದ್ದಿರುವುದು ಇಂಥ ನೆಲದಲ್ಲಿ ಅಥವಾ ಸರಕಾರಿ ಜಾಗದಲ್ಲಿ. ಆ ನೆಲವನ್ನು ಒಬ್ಬ ದಲ್ಲಾಳಿ ಛಾಪಾ ಕಾಗದದ ಮೇಲೆ ಬರೆದುಕೊಟ್ಟಾಗ, ಅದು ನಿಲ್ಲುವ ಕಾಗದವೋ ಅಲ್ಲವೋ ಎಂದು ಹಳ್ಳಿಯ ಯಾವ ಮುದುಕನಾದರೂ ಒಂದೇ ಮಾತಿನಲ್ಲಿ ಹೇಳಬಲ್ಲ. ಆದರೆ ಆ ಮುದುಕನ ಪರಿಚಯವೇ ಇಲ್ಲದವನು ಕೇಳುವುದು ಯಾರನ್ನು? ಅದೇ ದಲ್ಲಾಳಿಯನ್ನು, ಅಥವಾ ಅವನಿಂದಲೇ ಕೊಂಡ ಪಕ್ಕದ ಮನೆಯವನನ್ನು. ನಮ್ಮವರೇ ತುಂಬಿದ ವಸ್ತಿಯ ದೊಡ್ಡ ದೋಷ ಇದು: ಅಲ್ಲಿ ಸುದ್ದಿಗೆ ಬರವಿಲ್ಲ, ಆದರೆ ಎಲ್ಲ ಸುದ್ದಿಯೂ ಒಂದೇ ಬಾವಿಯದು. 2004ರ ಜೂನ್‌ನಲ್ಲಿ, ಮಳೆ ಹಿಡಿದ ಹೊತ್ತಿನಲ್ಲೇ, ಬೈನಾ ದಂಡೆಯ ಕೆಂಪುದೀಪದ ವಸ್ತಿಯನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕರ್ನಾಟಕ, ಆಂಧ್ರದ ಬಡವರು ಬಹಳ. ಎಚ್ಚರಿಕೆ ವರ್ಷಗಟ್ಟಲೆ ಮೊದಲಿನಿಂದ ಇದ್ದರೂ ಹೋಗಲು ಬೇರೆ ಜಾಗ ಅವರಿಗೆ ಇರಲಿಲ್ಲ.

ಕೂಲಿಯ ಲೆಕ್ಕವೂ ಹೀಗೆಯೇ. ಕೊಂಕಣಿ ಬಾರದ ಗೌಂಡಿ ಮನೆಮಾಲಕನ ಜೊತೆ ನೇರ ಮಾತಾಡಲಾರ, ನಡುವೆ ಗುತ್ತಿಗೆದಾರ ಬೇಕು. 'ಕಿತ್ಲೆ ಪೈಶೆ?' ಎಂದು ಕೇಳಿದರೆ ಲೆಕ್ಕ ಒಪ್ಪಿಸಿ, ಗೋಡೆಯ ಅಳತೆ, ಸಿಮೆಂಟಿನ ಚೀಲ, ಮುಗಿಸುವ ದಿನ ಎಲ್ಲ ತಾನೇ ಮಾತಾಡಿಕೊಳ್ಳುವವನು ದಿನಗೂಲಿಯಿಂದ ಕೆಲಸ ಹಿಡಿಯುವ ಮಟ್ಟಕ್ಕೆ ಏರುತ್ತಾನೆ. ಮಕ್ಕಳ ವಿಷಯ ಇನ್ನೂ ನೇರ. ಗೋವಾದ ಸರಕಾರಿ ನೌಕರಿಗೆ ಹದಿನೈದು ವರ್ಷದ ವಾಸದ ಪ್ರಮಾಣಪತ್ರ ಬೇಕು, ಕೊಂಕಣಿ ಬರಬೇಕು. ಅಲ್ಲೇ ಹುಟ್ಟಿದ ನಮ್ಮ ಹುಡುಗನಿಗೆ ಮೊದಲನೆಯದು ದಕ್ಕುತ್ತದೆ. ಎರಡನೆಯದಕ್ಕೆ ಅವನು ಬೆಳೆದ ಓಣಿಯೇ ಅಡ್ಡ.

ಕೊಂಕಣಿಗರ ನಡುವೆ ಮನೆ ಹಿಡಿದು ಅವರ ಮಾತು ಕಲಿಯಬೇಕು ಎಂದರೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಅಭಿಮಾನದ್ದು. ಗೋವಾ ಒಂದು ಕಾಲಕ್ಕೆ ಕನ್ನಡ ಅರಸರದೇ ಆಗಿತ್ತಲ್ಲ, ನಾವೇಕೆ ಅವರ ಮಾತು ಕಲಿಯಬೇಕು? ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿರುವ ರವಿಕೀರ್ತಿಯ ಶಾಸನ, ಕ್ರಿ.ಶ. 634ರದು, ಬಾದಾಮಿಯ ಮಂಗಳೇಶ ರೇವತೀದ್ವೀಪವನ್ನು ಗೆದ್ದದ್ದನ್ನು ಹೇಳುತ್ತದೆ. ಆ ದ್ವೀಪವನ್ನು ಗೋವಾದ ಗಡಿಗೆ ಹತ್ತಿದ ರೇಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಬರೆಸಿದರು. ಇದೆಲ್ಲ ನಿಜ, ಹೆಮ್ಮೆಯದೂ ಹೌದು. ಆದರೆ ಪಡಿತರ ಅಂಗಡಿಯ ಸಾಲಿನಲ್ಲಿ ಮಂಗಳೇಶ ನೆರವಿಗೆ ಬರುವುದಿಲ್ಲ. ಮೇಲಾಗಿ, 1967ರ ಜನವರಿ 16ರ ಜನಮತದಲ್ಲಿ ಮಹಾರಾಷ್ಟ್ರದ ಜೊತೆ ವಿಲೀನ ಬೇಡವೆಂದ, 1987ರಲ್ಲಿ ಕೊಂಕಣಿಯನ್ನು ರಾಜಭಾಷೆ ಮಾಡಿಕೊಂಡು ಅದೇ ವರ್ಷ ರಾಜ್ಯವೂ ಆದ ಸಣ್ಣ ನಾಡು ಅದು. ಇಷ್ಟು ಹೋರಾಡಿ ಉಳಿಸಿಕೊಂಡ ಮಾತನ್ನು ಹೊರಗಿನವನು ಕಲಿತರೆ ಅವರಿಗೆ ಆಗುವ ಸಂತೋಷವನ್ನು, ಬೆಳಗಾವಿ ಗಡಿಯ ಜಗಳ ನೋಡಿದ ನಾವು ಬೇರೆಯವರಿಗಿಂತ ಚೆನ್ನಾಗಿ ಅರಿಯಬೇಕು.

ಕೊಂಕಣಿ ಕಲಿತರೆ ಕನ್ನಡ ಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ನಮ್ಮ ಕರಾವಳಿಯಲ್ಲೇ ಇದೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ನಂತರ, 1560ರಲ್ಲಿ ಅಲ್ಲಿ ಧಾರ್ಮಿಕ ವಿಚಾರಣೆಯ ನ್ಯಾಯಾಲಯ ಶುರುವಾದ ಮೇಲಂತೂ, ಕೊಂಕಣಿಗರು ದಂಡುದಂಡಾಗಿ ತೆಂಕಣಕ್ಕೆ ಇಳಿದು ಕಾರವಾರ, ಕುಮಟಾ, ಮಂಗಳೂರು ಸೀಮೆ ಸೇರಿದರು. ಮನೆಯಲ್ಲಿ, ದೇವಸ್ಥಾನದಲ್ಲಿ, ಇಗರ್ಜಿಯಲ್ಲಿ ಕೊಂಕಣಿ ಇಟ್ಟುಕೊಂಡರು. ಪೇಟೆಗೆ, ಶಾಲೆಗೆ ಕನ್ನಡ ತುಳು ಕಲಿತರು. ನಾಲ್ಕು ನೂರು ವರ್ಷದ ಮೇಲೂ ಅವರ ಕೊಂಕಣಿ ಹೋಗಿಲ್ಲ; ಮಂಗಳೂರಿನ 'ರಾಕ್ಣೊ' ಪತ್ರಿಕೆ 1938ರಿಂದ ಕನ್ನಡ ಲಿಪಿಯಲ್ಲಿ ಕೊಂಕಣಿ ಅಚ್ಚು ಹಾಕುತ್ತಿದೆ. ಅದೇ ಜನರಿಂದ ಪಂಜೆ ಮಂಗೇಶರಾಯರು ಬಂದರು, ಮಂಜೇಶ್ವರದ ಗೋವಿಂದ ಪೈ ಬಂದರು, ಗಿರೀಶ ಕಾರ್ನಾಡರು ಬಂದರು. ಇವರನ್ನು ತೆಗೆದು ಹೊಸಗನ್ನಡ ಸಾಹಿತ್ಯದ ಚರಿತ್ರೆ ಬರೆಯಲು ಬರುತ್ತದೆಯೇ?

ಅವರೆಲ್ಲ ಓದಿದ ಜಾತಿಯವರು, ವ್ಯಾಪಾರಸ್ಥರು, ಗೌಂಡಿಗೆ ಅವರ ಉದಾಹರಣೆ ಹೊಂದುವುದಿಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಬಲವಿದೆ. ಆದರೆ ಉಡುಪಿ ಸೀಮೆಯ ಕುಡುಬಿಯವರನ್ನು ನೋಡಿ. ಅವರೂ ಗೋವಾದಿಂದ ಬಂದವರೇ, ಕಾಡಂಚಿನಲ್ಲಿ ಕೂಲಿ, ಬೇಸಾಯ ಮಾಡಿ ಬದುಕಿದ ಬಡವರು. ಇವತ್ತಿಗೂ ಮನೆಯಲ್ಲಿ ತಮ್ಮ ಕೊಂಕಣಿ, ಹೋಳಿಗೆ ತಮ್ಮ ಕುಣಿತ, ಹೊರಗೆ ಕನ್ನಡ. ಗಂಗೊಳ್ಳಿಯ ಖಾರ್ವಿ ಮೀನುಗಾರರ ಕಥೆಯೂ ಅದೇ. ಎರಡು ಭಾಷೆ ಹೊರಲು ಸಿರಿತನವೇನೂ ಬೇಕಾಗಿಲ್ಲ ಎಂಬುದಕ್ಕೆ ಇವರು ಸಾಕ್ಷಿ.

ಎಲ್ಲಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ನಾವು ಎಷ್ಟೇ ಕಲಿತರೂ ಅವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಳವಾದರೆ ಮೊದಲ ಗುಮಾನಿ ವಲಸಿಗನ ಮೇಲೆ, 'ಘಾಟಿ' ಎಂಬ ಹೀನಾಯದ ಮಾತು ಬೇರೆ. ಚುನಾವಣೆ ಬಂತೆಂದರೆ ಮಾತ್ರ ವಾಸ್ಕೋದ ಸುತ್ತಿನ ಕನ್ನಡ ಮತಗಳಿಗಾಗಿ ಕರ್ನಾಟಕದಿಂದ ಭಾಷಣಕಾರರನ್ನು ಕರೆಸುತ್ತಾರೆ. ಇದೆಲ್ಲ ಇರುವುದೇ. ಎರಡು ರಾಜ್ಯಗಳ ನಡುವಿನ ಮಹದಾಯಿ ನೀರಿನ ಜಗಳ ಬಿಸಿಯೇರಿದಾಗಲಂತೂ ಅಲ್ಲಿರುವವರ ಜೀವ ಕೈಯಲ್ಲಿ. ಮಲಪ್ರಭೆಗೆ ನೀರು ತಿರುಗಲಿ ಎಂದು ಬಾದಾಮಿಯಲ್ಲಿ ಅಪ್ಪ ಧರಣಿ ಕೂತರೆ, ಮಗ ಅದೇ ದಿನ ಮಡಗಾಂವದಲ್ಲಿ ಮೀನಿನ ಬುಟ್ಟಿ ಹೊರುತ್ತಿರುತ್ತಾನೆ. ಬೆರೆತವರಿಗೆಲ್ಲ ಮರ್ಯಾದೆ ಸಿಕ್ಕೇ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೆ ಹಗೆ ಹುಟ್ಟುವುದು ಸಾಮಾನ್ಯವಾಗಿ ಮುಖವಿಲ್ಲದ ಗುಂಪಿನ ಮೇಲೆ. ಪಕ್ಕದ ಮನೆಯ ಗಣೇಶ ಚೌತಿಗೆ ಬಂದು ಆರತಿಗೆ ನಿಂತವನ, ಫೆಸ್ತಕ್ಕೆ ಮಂಟಪ ಕಟ್ಟಿಕೊಟ್ಟವನ ಮೇಲೆ ಕಲ್ಲೆತ್ತುವುದು ಕಷ್ಟ. ಪೊಲೀಸರು ಬಾಡಿಗೆದಾರರ ವಿವರ ಕೇಳಿಕೊಂಡು ಬಂದಾಗ 'ಇವನು ನಮ್ಮವನು' ಎನ್ನಲು ಒಬ್ಬ ಊರಿನವನಾದರೂ ಇರಬೇಕು.

ಬಾಗಲಕೋಟೆಯ ನವನಗರದ ಜನಕ್ಕೆ ಹೊಸ ಜಾಗದಲ್ಲಿ ಬೇರು ಬಿಡುವುದರ ಕಷ್ಟ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋಗಿ, ಸೆಕ್ಟರಿನ ನಂಬರು ವಿಳಾಸವಾದದ್ದು ಇದೇ ತಲೆಮಾರಿನಲ್ಲಿ. ಆದರೂ ಇಲ್ಲಿ ಸೆಕ್ಟರು ಬದಲಾಯಿತೇ ಹೊರತು ಮಾತು ಬದಲಾಗಲಿಲ್ಲ, ಪರಿಹಾರದ ಕಡತ ಕನ್ನಡದಲ್ಲೇ ಓಡಾಡಿತು. ಗೋವಾಕ್ಕೆ ಹೋದವನಿಗೆ ಆ ಅನುಕೂಲವಿಲ್ಲ. ಅವನಿಗೆ ನಮ್ಮ ಕಡೆಯಿಂದ ಮಾಡಬಹುದಾದ ಸಹಾಯ ಒಂದಿದೆ, ಅದು ದುಬಾರಿಯೂ ಅಲ್ಲ: ಕನ್ನಡ ಲಿಪಿಯಲ್ಲಿ ದಿನಬಳಕೆಯ ಗೋವಾ ಕೊಂಕಣಿ. ಮಂಗಳೂರಿನ ಕೊಂಕಣಿಗೂ ಅಲ್ಲಿನದಕ್ಕೂ ಧಾಟಿಯಲ್ಲಿ ವ್ಯತ್ಯಾಸವಿದ್ದರೂ, ಲಿಪಿಯ ಗೋಡೆ ಮೊದಲೇ ದಾಟಿ ಆಗಿದೆ. ಕನ್ನಡ ಓದಬಲ್ಲ ಗೌಂಡಿ ನಾಲ್ಕು ತಿಂಗಳ ಮಳೆಗಾಲದಲ್ಲಿ ಇದನ್ನು ಕಲಿಯಬಲ್ಲ. ವಾಸ್ಕೋ ಸುತ್ತಲಿನ ಕನ್ನಡ ಸಂಘಗಳು ರಾಜ್ಯೋತ್ಸವದ ಪೆಂಡಾಲಿನ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ತೆಗೆದಿಟ್ಟರೆ ಸಾಕು.

ಮಕ್ಕಳ ಶಾಲೆಯ ಪ್ರಶ್ನೆ ಮಾತ್ರ ಇಷ್ಟು ಸಲೀಸಲ್ಲ. ವಾಸ್ಕೋ ಸುತ್ತ ಕನ್ನಡ ಮಾಧ್ಯಮದ ಶಾಲೆಗಳು ನಡೆದಿವೆ. ಗೋವಾದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು ಮರಾಠಿಯವು, ಕೆಲವು ಕೊಂಕಣಿಯವು. ಸ್ಥಿತಿವಂತರು ಇಂಗ್ಲಿಷಿಗೆ ಹೋಗುತ್ತಾರೆ. ವರ್ಷದೊಪ್ಪತ್ತಿನಲ್ಲಿ ಊರಿಗೆ ಮರಳುವವರ ಕೂಸಿಗೆ ಕನ್ನಡ ಶಾಲೆಯೇ ಸರಿ. ಮರಳುವುದಿಲ್ಲ ಎಂದು ಒಳಗೊಳಗೆ ಗೊತ್ತಿದ್ದೂ, ಬರುವ ವರ್ಷ ಹೋಗೋಣ ಅಂತ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದವರು, ಕೂಸಿನ ಹೆಸರು ಹಚ್ಚುವ ಮೊದಲು ಗಂಡ ಹೆಂಡತಿ ಕೂತು ಆ ಮಾತನ್ನು ಒಮ್ಮೆ ಬಾಯಿಬಿಟ್ಟು ಆಡಿಕೊಳ್ಳಬೇಕು. ಕನ್ನಡ ಮನೆಯಲ್ಲಿ ಉಳಿದೀತು, ಅಜ್ಜಿಯ ಫೋನಿನಲ್ಲಿ ಉಳಿದೀತು, ಬನಶಂಕರಿ ಜಾತ್ರೆಗೆ ಬಂದಾಗ ಗಟ್ಟಿಯಾದೀತು. ಕೊಂಕಣಿ ಸಿಗುವುದು ಕೊಂಕಣಿ ಮಕ್ಕಳ ಜೊತೆ ಆಡಿದರೆ ಮಾತ್ರ, ಅದೂ ಆಡುವ ವಯಸ್ಸಿನಲ್ಲಿ.