ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ: ಮನೆಯ ಕಡತಗಳ ಸ್ಥಳಾಂತರ

ಹಿಂದೆ ಮನೆತನದ ಕಾಗದಪತ್ರಗಳೂ ಭಾವಚಿತ್ರಗಳೂ ಮರದ ಪೆಟ್ಟಿಗೆಯಲ್ಲಿರುತ್ತಿದ್ದುವು. ಈಗ ಅವು ಬಹುಮಟ್ಟಿಗೆ ಗಣಕಯಂತ್ರದ ಡಿಸ್ಕುಗಳನ್ನು ಸೇರಿರುವುವು. ಪೆಟ್ಟಿಗೆ ಹಳತಾದರೆ ಒಳಗಿನದನ್ನು ಹೊಸತಕ್ಕೆ ಎತ್ತಿಡಬಹುದಾಗಿತ್ತು. ಡಿಸ್ಕುಗಳ ವಿಷಯದಲ್ಲಿ ಎತ್ತಿಡುವುದೆಂಬುದೇ ಇಲ್ಲ. ಪ್ರತಿಮಾಡಿ ಮೂಲವನ್ನು ಅಳಿಸುವುದಕ್ಕೇ ಆ ಹೆಸರು. ಈ ಎರಡು ಕೆಲಸಗಳ ನಡುವೆ ಎಷ್ಟು ಕಾಲಾವಕಾಶವಿಟ್ಟರೆ ಅಷ್ಟು ಕ್ಷೇಮ.

ಹಲವು ಡಿಸ್ಕುಗಳ ಸಂಗ್ರಹಯಂತ್ರವನ್ನು ಮನೆಯಲ್ಲಿಟ್ಟುಕೊಂಡವರಲ್ಲಿ ಅನೇಕರು ಜೆಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು ಬಳಸುತ್ತಾರೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಅಹ್ರೆನ್ಸ್ ಮೊದಲಾದವರು ೨೦೦೧ರಲ್ಲಿ ಇದನ್ನು ಆರಂಭಿಸಿದರು. ೨೦೦೫ರಲ್ಲಿ ಇದರ ಮೂಲಲಿಪಿಯು ಸರ್ವರಿಗೂ ದೊರೆಯಿತು. ಇದರಲ್ಲಿ ಹಲವು ಡಿಸ್ಕುಗಳು ಕೂಡಿ ಒಂದು ‘ಪೂಲ್’ ಆಗುವುದು. ಅದನ್ನು ಕಣಜವೆಂದು ಭಾವಿಸಿದರೆ, ಒಳಗಿನ ಕಡತವ್ಯವಸ್ಥೆಗಳು ಅದರ ಅಂಕಣಗಳು. ಒಂದೇ ಕಣಜದೊಳಗೆ ಅಂಕಣದ ಹೆಸರನ್ನು ಕ್ಷಣಮಾತ್ರದಲ್ಲಿ ಬದಲಿಸಬಹುದು. ಬೇರೆ ಕಣಜಕ್ಕಾದರೋ ಕಾಳನ್ನೆಲ್ಲ ಹೊರಲೇಬೇಕು.

ಹೊರುವ ಮುನ್ನ ಹಳೆಯ ಪೂಲಿಗೆ ‘ಸ್ಕ್ರಬ್’ ಮಾಡಿಸತಕ್ಕದ್ದು. ಬರೆದ ಪ್ರತಿಯೊಂದು ತುಣುಕಿಗೂ ಜೆಡ್‌ಎಫ್‌ಎಸ್ ಒಂದು ತಾಳೆಸಂಖ್ಯೆಯನ್ನು ಇಟ್ಟಿರುವುದರಿಂದ, ಎಲ್ಲವನ್ನೂ ಓದಿ ಕೆಟ್ಟುದನ್ನು ಅದು ತೋರಿಸಿಕೊಡುವುದು. ಬಳಿಕ ‘ಸ್ನ್ಯಾಪ್‌ಶಾಟ್’, ಎಂದರೆ ಆ ಕ್ಷಣದ ಸ್ಥಿತಿಯನ್ನು ಬದಲಾಗದಂತೆ ಹಿಡಿದಿಡುವುದು. ಇದೇ ಈ ವಿಧಾನದ ಜೀವಾಳ. ಪ್ರತಿಯಾಗುತ್ತಿರುವಾಗಲೇ ಮನೆಯ ಹುಡುಗಿ ಹೊಸ ಚಿತ್ರಗಳನ್ನು ಸೇರಿಸಿದರೂ, ಹಿಡಿದಿಟ್ಟ ಸ್ಥಿತಿಯು ಕದಲುವುದಿಲ್ಲ.

ಆ ಸ್ಥಿತಿಯನ್ನು ಹಳೆಯ ಪೂಲಿನಿಂದ ‘ಸೆಂಡ್’ ಆಜ್ಞೆಯು ಪ್ರವಾಹದಂತೆ ಹೊರಡಿಸುವುದು; ಹೊಸ ಪೂಲಿನಲ್ಲಿ ‘ರಿಸೀವ್’ ಆಜ್ಞೆಯು ಅದನ್ನು ಬರಮಾಡಿಕೊಳ್ಳುವುದು. ಸೆಕೆಂಡಿಗೆ ೧೫೦ ಮೆಗಾಬೈಟಿನಂತೆ ಸಾಗಿದರೆ ೪ ಟೆರಾಬೈಟಿಗೆ ಸುಮಾರು ಏಳೂವರೆ ಗಂಟೆ ಹಿಡಿಯುವುದು. (ಬೇಸರಪಡುವವರು ರಾತ್ರಿ ಊಟವಾದ ಮೇಲೆ ಆರಂಭಿಸಿ ಮಲಗಿಕೊಳ್ಳಲಿ.) ಅಷ್ಟರಲ್ಲಿ ಹಳೆಯ ಕಡೆ ಸೇರಿದ ಹೊಸ ಕಡತಗಳ ಗತಿಯೇನು? ಬೆಳಗ್ಗೆ ಎಲ್ಲರಿಗೂ ಹೇಳಿ ಬರವಣಿಗೆಯನ್ನು ನಿಲ್ಲಿಸಿ, ಎರಡನೆಯ ಸ್ನ್ಯಾಪ್‌ಶಾಟ್ ತೆಗೆದು, ಎರಡರ ನಡುವಣ ವ್ಯತ್ಯಾಸವನ್ನಷ್ಟೇ ಕಳುಹಿಸಿದರಾಯಿತು. ಅದಕ್ಕೆ ಸಾಮಾನ್ಯವಾಗಿ ಕೆಲವು ನಿಮಿಷಗಳು ಸಾಕು.

ಇಲ್ಲೊಂದು ಅಪಾಯವುಂಟು. ಹೊಸ ಕಡೆಯಲ್ಲಿ ಏನಾದರೂ ಬದಲಾಗಿದ್ದರೆ ‘ರಿಸೀವ್’ ಆಜ್ಞೆಯು ಈ ವ್ಯತ್ಯಾಸವನ್ನು ಒಲ್ಲೆನೆನ್ನುವುದು. ಆಗ ಅವಸರದವರು ದೊಡ್ಡ ‘ಎಫ್’ ಅಕ್ಷರವನ್ನು ಸೇರಿಸಿ ಬಲವಂತ ಮಾಡುವುದುಂಟು. ಆ ಅಕ್ಷರವು ಹೊಸ ಕಡೆಯ ಬದಲಾವಣೆಗಳನ್ನು ಹಿಂದಕ್ಕೆ ಸರಿಸುವುದು. ಸಮಗ್ರ ಪ್ರವಾಹದ ಜೊತೆಯಲ್ಲಾದರೆ, ಕಳುಹಿಸುವ ಕಡೆಯಲ್ಲಿಲ್ಲದ ಕಡತವ್ಯವಸ್ಥೆಗಳನ್ನೇ ಅಳಿಸಿಬಿಡಬಲ್ಲುದು. ಹೊಸ ಪ್ರತಿಯನ್ನು ಆರಂಭದಿಂದಲೂ ಓದುವುದಕ್ಕೆ ಮಾತ್ರವೆಂದು ಗೊತ್ತುಮಾಡಿಟ್ಟರೆ ಬಲವಂತದ ಪ್ರಸಂಗವೇ ಸಾಮಾನ್ಯವಾಗಿ ಬಾರದು.

ಎಲ್ಲವೂ ತಲುಪಿದ ತರುವಾಯ ಹೊಸ ಪೂಲಿಗೂ ಸ್ಕ್ರಬ್ ಮಾಡಿಸಿ, ಅಲ್ಲೊಂದು ಇಲ್ಲೊಂದು ಚಿತ್ರವನ್ನು ಕಣ್ಣಾರೆ ತೆರೆದು ನೋಡಬೇಕು. ಹಳೆಯ ಪೂಲನ್ನು ಕೂಡಲೇ ಅಳಿಸಬೇಕಾಗಿಲ್ಲ. ‘ಎಕ್ಸ್‌ಪೋರ್ಟ್’ ಆಜ್ಞೆಯಿಂದ ಅದನ್ನು ಕ್ರಮವಾಗಿ ಬೇರ್ಪಡಿಸಿ, ಡಿಸ್ಕುಗಳನ್ನು ಕಳಚಿ, ತಾರೀಖು ಬರೆದ ಚೀಟಿಯನ್ನು ಅಂಟಿಸಿ, ಒಂದೆರಡು ತಿಂಗಳು ಬೀರುವಿನಲ್ಲಿಟ್ಟಿರಬಹುದು. ಬೇಕಾದಾಗ ‘ಇಂಪೋರ್ಟ್’ ಎಂದರೆ ಹಿಂದಿನಂತೆಯೇ ತೆರೆದುಕೊಳ್ಳುವುದು.