ಬಾಗಿಲ ಮೇಲಿನ ಬರಹ

ಲಾಲ್‌ಬಾಗಿನ ಬಾಗಿಲುಗಳಲ್ಲಿ ಒಂದಕ್ಕೆ ಸಿದ್ದಾಪುರದ ಹೆಸರಿದೆ. ಆ ಬಾಗಿಲಿಗೆ ಕೂಗಳತೆಯಲ್ಲಿ ನನ್ನ ಮನೆ. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಒಂದೇ ಕೊಳಾಯಿಯ ಬಳಿ ಕೇಳಿಬರುವ ಬೀದಿ ನಮ್ಮದು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೂ ಬರಹ ತಿದ್ದುವ ಕೆಲಸ ನನಗೆ ತಪ್ಪಲಿಲ್ಲ. ಮದುವೆಯ ಕರೆಯೋಲೆ, ಸಂಘದ ವರದಿ, ಪುಣ್ಯತಿಥಿಯ ಪ್ರಕಟಣೆ ಇವನ್ನೆಲ್ಲ ನೆರೆಯವರು ನನ್ನ ಬಳಿಗೆ ತರುತ್ತಾರೆ. ನಾನು ಒತ್ತು, ದೀರ್ಘಗಳನ್ನು ಸರಿಪಡಿಸಿ ಕಳುಹಿಸುತ್ತೇನೆ. ಆದುದರಿಂದ ಕಳೆದ ಬೇಸಿಗೆಯ ಒಂದು ಸಂಜೆ ನೆರೆಯ ವೃದ್ಧರೊಬ್ಬರು ಮಡಿಸಿದ ಕಾಗದವೊಂದನ್ನು ಹಿಡಿದು ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಅವರು ನಲವತ್ತು ವರ್ಷ ಇಲ್ಲಿನ ನರ್ಸರಿಗಳಲ್ಲಿ ಗಿಡಗಳಿಗೆ ಕಸಿ ಕಟ್ಟಿದವರು. ನಮ್ಮ ಬೀದಿಯ ಒಂದು ಮಹಡಿಯ ಮೇಲೆ, ಬಾಡಿಗೆಯ ಹಜಾರದಲ್ಲಿ, ಭಾನುವಾರಗಳಂದು ಕೂಡುವ ಸಣ್ಣದೊಂದು ಕ್ರೈಸ್ತ ಸಭೆಗೆ ಅವರು ಹಿರಿಯರು. ಮನೆಗೆಲಸದ ಹೆಂಗಸರು, ಆಟೋ ಓಡಿಸುವವರು, ಆಸ್ಪತ್ರೆಯ ದಾದಿಯರು, ನಾಲ್ಕೈದು ಮಂದಿ ಕಾಲೇಜು ವಿದ್ಯಾರ್ಥಿಗಳು, ಎಲ್ಲ ಸೇರಿ ಅರವತ್ತು ಜನ ಇದ್ದಾರು. ತಮ್ಮ ಸಭೆಯ ದರ್ಶನವೇನು, ಮೂಲ ನಂಬಿಕೆಗಳೇನು ಎಂಬುದನ್ನು ಫಲಕದಲ್ಲಿ ಬರೆಸಿ ಬಾಗಿಲಿಗೆ ಹಾಕಬೇಕೆಂದು ಅವರು ನಿಶ್ಚಯಿಸಿದ್ದರು. ವಿದ್ಯಾರ್ಥಿಗಳು ಇಂಗ್ಲಿಷಿನಿಂದ ಎಳೆದು ತಂದಿದ್ದ ಆ ಕನ್ನಡ ಬಹಳ ಬಳಲಿತ್ತು. ‘ಸರ್ವರಿಗೂ ಸುಸ್ವಾಗತ’ ಎಂಬ ಮೊದಲನೆಯ ಸಾಲೊಂದೇ ನೆಟ್ಟಗಿದ್ದಿತು. ನಾನು ಅದನ್ನು ಮೆಚ್ಚಿ ಕೆಳಗಿನ ಸಾಲುಗಳಿಗೆ ಕೈಹಾಕುವಷ್ಟರಲ್ಲಿ ಯಜಮಾನರು ಆ ಸಾಲಿನ ಮೇಲೆಯೇ ಬೆರಳಿಟ್ಟರು.

“ಮೇಷ್ಟ್ರೇ, ಮಿಕ್ಕಿದ್ದೆಲ್ಲ ನೀವು ಹೇಗೆ ತಿದ್ದಿದರೂ ಸರಿ. ಈ ಸಾಲು ಮಾತ್ರ ತೆಗೆದುಬಿಡಿ.”

ಕಾರಣ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ತಾವು ಹುಡುಗರಾಗಿದ್ದಾಗ ಹೋಗುತ್ತಿದ್ದ ಹಳ್ಳಿಯ ದೇವಾಲಯವೊಂದರ ಮಾತನ್ನು ಎತ್ತಿದರು. ಅಲ್ಲಿಯೂ ಬಾಗಿಲ ಮೇಲೆ ಸ್ವಾಗತದ ಮಾತು ಬರೆದಿದ್ದರಂತೆ. ಒಳಗೆ ಮುಂದಿನ ಬೆಂಚುಗಳು ಕೆಲವು ಮನೆತನಗಳವು. ಇವರ ಕೇರಿಯವರಿಗೆ ಹಿಂದುಗಡೆ ಚಾಪೆ. ಕರ್ತನ ಭೋಜನದ ಪಾತ್ರೆ ಎಲ್ಲರ ತುಟಿ ಮುಟ್ಟಿದ ಮೇಲೆ ಕಡೆಯಲ್ಲಿ ಇವರತ್ತ ಬರುತ್ತಿತ್ತಂತೆ.

“ನಮ್ಮನ್ನು ಯಾರೂ ಬೈಯಲಿಲ್ಲ, ಮೇಷ್ಟ್ರೇ. ಬನ್ನಿ ಬನ್ನಿ ಅಂತಲೇ ಅನ್ನೋರು. ಸ್ವಾಗತ ಅನ್ನೋರು ಮನೆ ಯಜಮಾನರಲ್ವಾ? ಅವರು ಹಾಗೆ ಅಂದಾಗಲೆಲ್ಲ, ಈ ಮನೆ ನಮ್ಮದಲ್ಲ ಅಂತ ನಮಗೆ ಗೊತ್ತಾಗೋದು.”

ಕಾಗದವನ್ನು ನನ್ನಲ್ಲೇ ಬಿಟ್ಟು ಅವರು ಹೊರಟುಹೋದರು. ಕಾಗುಣಿತ ತಿದ್ದಲು ಕುಳಿತವನಿಗೆ ಹೀಗೆ ಅರ್ಥವನ್ನೇ ತಿದ್ದುವ ಹೊಣೆ ಬಂದಿತು.

ನಾನು ಕ್ರೈಸ್ತನಲ್ಲ. ಆದರೆ ಕನ್ನಡ ಓದಿದವನಿಗೆ ಈ ಧರ್ಮ ತೀರ ಅಪರಿಚಿತವಾಗಿರಲಾರದು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಮ್ಮ ಕೈಗೆ ನಿಘಂಟನ್ನಿತ್ತ ಕಿಟ್ಟೆಲ್ ಇಬ್ಬರೂ ಬಾಸೆಲ್ ಮಿಷನ್ನಿನವರು. ನಮ್ಮ ಶಾಸನಗಳನ್ನು ಸಂಪುಟಗಳಲ್ಲಿ ಸಂಗ್ರಹಿಸಿದ ಬಿ. ಎಲ್. ರೈಸ್ ಬೆಂಗಳೂರಿನಲ್ಲೇ ಹುಟ್ಟಿದವರು. ಅವರ ತಂದೆ ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್. ಆ ತಂದೆಯ ಹೆಸರಿನ ದೇವಾಲಯ ಅವೆನ್ಯೂ ರಸ್ತೆಯಲ್ಲಿದೆ. ಕಾರ್ಪೊರೇಷನ್ ಕಚೇರಿಯ ಬಳಿ 1904ರ ಹಡ್ಸನ್ ಸ್ಮಾರಕ ದೇವಾಲಯವಿದೆ. ಅಲ್ಲಿಯೂ ಕನ್ನಡದ ಪ್ರಾರ್ಥನೆ. ನ್ಯೂಮನ್ನನ ಪ್ರಾರ್ಥನಾಗೀತೆಯನ್ನು ಬಿ. ಎಂ. ಶ್ರೀ. ಕನ್ನಡಿಸಿದ ಮೇಲೆ ಅದು ಶಾಲೆಶಾಲೆಗಳ ಮಕ್ಕಳ ಹಾಡಾಯಿತು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯವಾಗಿಸಿದರು. ಕನ್ನಡಕ್ಕೂ ಕ್ರೈಸ್ತಧರ್ಮಕ್ಕೂ ಹೀಗೆ ಕೊಡುಕೊಳ್ಳುವ ನಂಟು ಹಳೆಯದು. ಆದರೆ ನಿಘಂಟು ಕಾವ್ಯಗಳ ಋಣ ಒಂದು. ಹೊಸ್ತಿಲ ಮೇಲೆ ನಿಂತವನಿಗೆ ಈ ಧರ್ಮ ಏನು ಹೇಳುತ್ತದೆ ಎಂಬುದು ಮತ್ತೊಂದು. ನನ್ನ ಮುಂದಿದ್ದುದು ಈ ಎರಡನೆಯದು.

ಕಾಗದದಲ್ಲಿದ್ದ ನಂಬಿಕೆಗಳು ನಾಲ್ಕು. ಸಕಲವನ್ನೂ ಸೃಷ್ಟಿಸಿದ ದೇವರು ಒಬ್ಬನೇ. ಮನುಷ್ಯರೆಲ್ಲರೂ ಆತನ ಸ್ವರೂಪದಲ್ಲಿ ಉಂಟಾದವರು. ಯೇಸುಕ್ರಿಸ್ತನು ಮನುಷ್ಯರಿಗಾಗಿ ಶಿಲುಬೆಯಲ್ಲಿ ಸತ್ತು ಎದ್ದುಬಂದನು. ರಕ್ಷಣೆ ದೊರೆಯುವುದು ಕೃಪೆಯಿಂದ, ನಂಬಿಕೆಯ ಮೂಲಕ. ಅದು ಯಾರೊಬ್ಬರ ಯೋಗ್ಯತೆಗೆ ಸಂದ ಕೂಲಿಯಲ್ಲ. ನಂಬಿದವರೆಲ್ಲ ಒಂದು ಸಭೆ. ದೀಕ್ಷಾಸ್ನಾನವೂ ಕರ್ತನ ಭೋಜನವೂ ಅದರ ಗುರುತುಗಳು.

ಈ ನಾಲ್ಕರಲ್ಲಿ ಮೂರನೆಯದನ್ನು ಓದುತ್ತಿರುವಾಗ ಯಜಮಾನರ ಮಾತು ನನಗೆ ಮತ್ತೆ ಕೇಳಿದಂತಾಯಿತು. ರಕ್ಷಣೆ ದಾನವೇ ಆಗಿದ್ದರೆ, ಅದನ್ನು ಪಡೆದವನು ಮನೆಯ ಒಡೆಯನಾಗುವುದು ಹೇಗೆ? ಲೂಕನ ಸುವಾರ್ತೆಯಲ್ಲಿ ಔತಣದ ಸಾಮತಿಯೊಂದಿದೆ. ಒಬ್ಬನು ದೊಡ್ಡ ಊಟ ಮಾಡಿಸಿದನು. ಕರೆಯಿಸಿಕೊಂಡವರು ಹೊಲ ಕೊಂಡೆ, ಎತ್ತು ಕೊಂಡೆ, ಮದುವೆಯಾದೆ ಎಂದು ನೆವ ಹೇಳಿ ಬಾರದೆ ಉಳಿದರು. ಆಗ ಆತನು ಬೀದಿ ಸಂದಿಗಳಿಂದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತರಿಸಿದನು. ಆಮೇಲೂ ಜಾಗ ಮಿಕ್ಕಿತು. ಈ ಕಥೆಯನ್ನು ಕೇಳುವಾಗ ನಾವು ಆ ಉದಾರಿಯ ಪಕ್ಕದಲ್ಲಿ ನಿಂತು ಬಡವರನ್ನು ನೋಡುತ್ತೇವೆ. ಆದರೆ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಸಂದಿಯಿಂದಲೇ ಬಂದವರು. ಮೊದಲು ಬಂದು ಕುಳಿತವನು ಆಮೇಲೆ ಬಂದವನಿಗೆ ‘ಸ್ವಾಗತ’ ಎಂದರೆ, ಆತನು ತನ್ನದಲ್ಲದ ಮನೆಯಲ್ಲಿ ಯಜಮಾನಿಕೆ ನಡೆಸಿದಂತಾಗುವುದು. ಕಸಿ ಕಟ್ಟುವ ಆ ವೃದ್ಧರು ದೇವತಾಶಾಸ್ತ್ರವನ್ನು ಓದಿದವರಲ್ಲ; ಆದರೂ ಫಲಕದ ಮೊದಲನೆಯ ಸಾಲು ಅದರ ಮೂರನೆಯ ನಂಬಿಕೆಗೆ ಒಪ್ಪುವುದಿಲ್ಲವೆಂದು ಅವರು ಕಂಡಿದ್ದರು.

ಇದು ಹೊಸ ಜಗಳವಲ್ಲ. ಸಭೆಯೊಳಗೆ ಜಾತಿಭೇದ ಕೂಡದೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಆಜ್ಞೆ ಮಾಡಿದಾಗ, ತಮಿಳುನಾಡಿನ ಎಷ್ಟೋ ಮಂದಿ ಕ್ರೈಸ್ತರು ಸಭೆಯನ್ನೇ ಬಿಟ್ಟು ಹೊರನಡೆದರು. 1910ರ ಎಡಿನ್‌ಬರೋ ಸಮ್ಮೇಳನದಲ್ಲಿ ಗಾಯ ಬೇರೊಂದು ಕಡೆ ಕಾಣಿಸಿತು. ಮುಂದೆ ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್ ಆದ ವಿ. ಎಸ್. ಅಜರಯ್ಯನವರು ಪಾಶ್ಚಾತ್ಯ ಮಿಷನರಿಗಳ ಎದುರಿಗೇ ಎದ್ದುನಿಂತು, ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಆದರೆ ನಮಗೆ ಬೇಕಾದುದು ನಿಮ್ಮ ಸ್ನೇಹ ಎಂಬ ಅರ್ಥದ ಮಾತುಗಳನ್ನಾಡಿದರು. ದಾತನಿಗೆ ಇದಕ್ಕಿಂತ ಕಠಿಣವಾದ ಬೇಡಿಕೆ ಇರಲಾರದು. ಕೊಡುವವನು ಮೇಲೆ ನಿಂತೇ ಕೊಡಬಹುದು; ಸ್ನೇಹಕ್ಕಾದರೋ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ.

ಅದೇ ಅಜರಯ್ಯನವರು ಸೇರಿದ್ದ 1919ರ ತರಂಗಂಬಾಡಿಯ ಸಭೆಯಲ್ಲಿ ಬಹುಮಟ್ಟಿಗೆ ಭಾರತೀಯರೇ ಆದ ಪಾದ್ರಿಗಳು ಕೂಡಿ, ನಾವು ಮಾಡದ ಜಗಳಗಳಿಗಾಗಿ ನಾವೇಕೆ ಬೇರೆ ಬೇರೆ ಪಂಕ್ತಿಯಲ್ಲಿ ಕೂರಬೇಕು ಎಂದು ಕೇಳಿದರು. ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್‌ಬಿಟೇರಿಯನರು ಎಂಬ ಭೇದಗಳು ಯೂರೋಪಿನವು. ಅವು ಹಡಗಿನಲ್ಲಿ ಇಳಿದು ನಮ್ಮ ಊರುಗಳಿಗೆ ಬಂದಿದ್ದವು. ಮಾತುಕತೆ ಮುಗಿಯಲು ಇಪ್ಪತ್ತೆಂಟು ವರ್ಷ ಹಿಡಿಯಿತು. 1945ರ ಜನವರಿಯಲ್ಲಿ ಅಜರಯ್ಯನವರು ತೀರಿಕೊಂಡರು; ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಒಂದಾಯಿತು. ಆ ಐಕ್ಯಕ್ಕೆ ಅವರು ಆರಿಸಿಕೊಂಡ ಆಧಾರಗಳು ಕೆಲವೇ: ಪವಿತ್ರಗ್ರಂಥ, ಪ್ರಾಚೀನವಾದ ಎರಡು ವಿಶ್ವಾಸಪ್ರಮಾಣಗಳು, ಎರಡು ಸಂಸ್ಕಾರಗಳು, ಬಿಷಪ್ಪರ ಪರಂಪರೆ. ಉಳಿದುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಟ್ಟರು.

ಆ ಸಭೆಯ 1950ರ ಆರಾಧನಾಕ್ರಮದಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಬಳಕೆಯನ್ನು ಹೋಲುವ ಒಂದು ವಿಧಿ ಬಂದಿತು. ಭೋಜನಕ್ಕೆ ಮುನ್ನ ಒಬ್ಬನು ತನ್ನ ಅಂಗೈಯನ್ನು ನೆರೆಯವನ ಅಂಗೈಗೆ ತಾಗಿಸುತ್ತಾನೆ; ಇಬ್ಬರೂ ಇನ್ನೊಂದು ಕೈಯನ್ನು ಮೇಲೆ ಮುಚ್ಚುತ್ತಾರೆ; ಅವನಿಂದ ಮುಂದಿನವನಿಗೆ, ಹೀಗೆ ಸಾಲಿನಿಂದ ಸಾಲಿಗೆ ಆ ಸಮಾಧಾನ ದಾಟುತ್ತದೆ. ಮುಟ್ಟುವುದೆಂಬುದೇ ಪಾಪವಾಗಿದ್ದ ನಾಡಿನಲ್ಲಿ ಇದು ಸಣ್ಣ ವಿಧಿಯಲ್ಲ. ಅಪರಿಚಿತನ ಅಂಗೈ ತಾಗುವವರೆಗೆ ಪಾತ್ರೆ ತುಟಿಗೆ ಬಾರದೆಂದು ಅದರ ತಾತ್ಪರ್ಯ.

ಆದರೂ ಇದರಿಂದ ಎಲ್ಲವೂ ನೆಟ್ಟಗಾಯಿತೆಂದು ಹೇಳಿದರೆ ಸುಳ್ಳಾದೀತು. ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ತೊಳೆದುಹೋಗುವುದೆಂದು ಶಾಸ್ತ್ರ ಹೇಳುತ್ತದೆ; ಮದುವೆಯ ಮಾತು ಬಂದಾಗ ಅದು ಒಣಗಿ ಮತ್ತೆ ಮೇಲೇಳುವುದನ್ನು ಎಲ್ಲ ಸಭೆಗಳವರೂ ಬಲ್ಲರು. ಸ್ತ್ರೀಯರಿಗೆ ದಕ್ಷಿಣ ಇಂಡಿಯಾ ಸಭೆಯಲ್ಲಿ ಪಾದ್ರಿಯ ದೀಕ್ಷೆ ದೊರೆತದ್ದು 1976ರಲ್ಲಿ. ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ಅಧಿಕಾರ ವಹಿಸಿದ್ದು 2013ರಲ್ಲಿ. ಬಾಗಿಲು ತೆರೆದಿದೆ ಎಂದು ಬರೆಯುವುದಕ್ಕೂ ತೆರೆಯುವುದಕ್ಕೂ ನಡುವೆ ಇಷ್ಟು ವರ್ಷಗಳ ಅಂತರವಿದೆ. ಇದು ಕ್ರೈಸ್ತರಿಗೆ ಮಾತ್ರ ಅನ್ವಯಿಸುವ ಮಾತಲ್ಲವೆಂದು, ಕಲ್ಯಾಣದ ಶರಣರನ್ನು ಓದಿಯೂ ನಮ್ಮ ಮನೆಗಳನ್ನು ಹೇಗೆ ಇಟ್ಟುಕೊಂಡಿದ್ದೇವೆಂದು ಬಲ್ಲ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಮುಂದಿನ ಭಾನುವಾರ ತಿದ್ದಿದ ಕಾಗದವನ್ನು ಹಿಡಿದು ಆ ಮಹಡಿಯನ್ನು ಹತ್ತಿದೆನು. ಆರಾಧನೆ ಮುಗಿದ ಮೇಲೆ ಚರ್ಚೆ ನಡೆಯಿತು. ನಂಬಿಕೆಗಳ ನಾಲ್ಕು ಸಾಲುಗಳನ್ನು ಎಲ್ಲರೂ ಒಪ್ಪಿದರು. ಸ್ವಾಗತದ ಸಾಲನ್ನು ಬಿಡಲು ಮಾತ್ರ ವಿದ್ಯಾರ್ಥಿಗಳಿಗೆ ಮನಸ್ಸಿರಲಿಲ್ಲ. “ತಾತ, ಬೀದಿಯಲ್ಲಿ ಹೋಗೋರಿಗೆ ಒಳಗೆ ಬರಬಹುದೋ ಇಲ್ಲವೋ ಅಂತ ಅನುಮಾನ ಇರುತ್ತೆ. ಬರೆಯದೆ ಇದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?” ಎಂದಳು ಒಬ್ಬ ಹುಡುಗಿ. ಅದೂ ನಿಜವೇ. ಪೆಟ್ಟು ತಿಂದವನಿಗೆ ಆ ಶಬ್ದದಲ್ಲಿ ಯಜಮಾನಿಕೆ ಕೇಳಿಸುತ್ತದೆ. ಹೊಸ್ತಿಲಲ್ಲಿ ಹಿಂಜರಿದು ನಿಂತವನಿಗೆ ಅದೊಂದೇ ಧೈರ್ಯ. ಯಾರ ಪಕ್ಷ ಹಿಡಿಯಬೇಕೆಂದು ನನಗೆ ತಿಳಿಯದೆ ಕುಳಿತಿದ್ದೆನು. ಅಷ್ಟರಲ್ಲಿ ಆ ಹುಡುಗಿಯೇ ನನ್ನ ಪೆನ್ನನ್ನು ಕೇಳಿ ಪಡೆದು ಕಾಗದದ ತಲೆಯಲ್ಲಿ ಏನನ್ನೋ ಬರೆದು ಓದಿದಳು: ‘ನಾವೂ ಕರೆಸಿಕೊಂಡು ಬಂದವರು. ನೀವೂ ಬನ್ನಿ.’

ಯಜಮಾನರು ಅದನ್ನು ಎರಡು ಸಲ ಓದಿಸಿದರು. “ಇದಾದರೆ ಇರಲಿ,” ಎಂದರು.

ಫಲಕ ಈಗ ಬಾಗಿಲಿನಲ್ಲಿದೆ. ಬಣ್ಣದವನು ನಾಲ್ಕನೆಯ ಸಾಲಿನಲ್ಲಿ ‘ದೀಕ್ಷಾಸ್ನಾನ’ವನ್ನು ‘ದೀಕ್ಷಾಸ್ಥಾನ’ ಮಾಡಿಬಿಟ್ಟಿದ್ದಾನೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತದೆ. ತಿದ್ದಿಸಬೇಕೆಂದು ಯಜಮಾನರಿಗೆ ಇನ್ನೂ ಹೇಳಿಲ್ಲ. ಹೇಳಬೇಕೆಂದು ನಿಂತಾಗಲೆಲ್ಲ ಅವರು ಮೆಟ್ಟಿಲ ಬುಡದಲ್ಲಿ ಯಾರದೋ ಕೈಹಿಡಿದು ಮೇಲಕ್ಕೆ ಹತ್ತಿಸುತ್ತಿರುತ್ತಾರೆ.